ಗ್ರೂಪಿನ ಓಬುಳಪತಿ

ಕಲ್ಯಾಣದುರ್ಗದ ಛತ್ರದ ಹಿಂದೆ ವ್ಯಾನಿನಿಂದಿಳಿದು ಅಡುಗೆಮನೆಗೆ ಕಾಲಿಟ್ಟವನೇ ಓಬುಳಪತಿ ಬೆಂಕಿಯಾದ. ಬೆಂಕಿ ಅವನಲ್ಲಿತ್ತೇ ಹೊರತು ಒಲೆಯಲ್ಲಿರಲಿಲ್ಲ. ಧಾರೆ ಮುಗಿದ ಕೂಡಲೇ ನಾನೂರು ಜನಕ್ಕೆ ಎಲೆ ಹಾಕಬೇಕು. ಇಲ್ಲಿ ನೋಡಿದರೆ ಬೇಳೆ ತಣ್ಣೀರಿನಲ್ಲಿ ಕೂತಿದೆ; ಹೆಡ್ ಕುಕ್ ಗಂಗಣ್ಣ ಕುಂಕುಮ ಇಟ್ಟುಕೊಂಡು, ಒಗೆದ ಪಂಚೆಯಲ್ಲಿ ನಗುತ್ತ ನಿಂತಿದ್ದಾನೆ.

"ಏಮಯ್ಯಾ ಗಂಗಣ್ಣಾ, ಮದುವೆಗೆ ಬಂದಿರೋ ನೆಂಟನೇನ್ಲಾ ನೀನು? ಒಲೆ ಯಾವಾಗ ಹಚ್ತೀಯ, ಹುಡುಗಿ ಬಾಣಂತಿ ಆದ್ಮೇಲಾ?"

ಗಂಗಣ್ಣನ ನಗು ಆರಿತು. "ನಾನು ಬರೋಗಂಟ ಕಾಯ್ತಾ ಇರು ಅಂದಿದ್ದು ನೀವೇ ಅಲ್ವಣ್ಣಾ?" ಎನ್ನುತ್ತ ಮೊಬೈಲು ಮುಂದೆ ಹಿಡಿದ. ಅಡುಗೆಯವರ ವಾಟ್ಸಾಪ್ ಗ್ರೂಪಿನಲ್ಲಿ ಓಬುಳಪತಿಯ ಹೆಸರಿನಲ್ಲೇ ಇತ್ತು: 'ಗಂಗಣ್ಣ, ಈ ಸಲ ನಾನೇ ಬಂದು ನಿನ್ನ ಕೈಗೆ ವೀಳ್ಯ ಕೊಟ್ಟು ಒಲೆ ಹಚ್ಚಿಸುತ್ತೇನೆ. ಮಂಡಿನೋವು ಹೇಗಿದೆ?'

ಓಬುಳಪತಿ ಇದನ್ನು ಬರೆದಿರಲಿಲ್ಲ. ಅವನು ಬೈದು ಕಳಿಸುತ್ತಿದ್ದ ವಾಯ್ಸ್ ಮೆಸೇಜು ಕೇಳಲಾಗದೆ ಇಬ್ಬರು ಅಡುಗೆಯವರು ಬಿಟ್ಟು ಹೋದ ಮೇಲೆ, ಹಿಂದೂಪುರದ ತನ್ನ ಕೇಟರಿಂಗ್ ಗ್ರೂಪಿನಲ್ಲಿ ತನ್ನ ಹೆಸರಿನಲ್ಲೇ ಬರೆಯುವ ಕೆಲಸವನ್ನು ಪರಿಗಿಯ ಸ್ಪಂದನಳಿಗೆ ಒಪ್ಪಿಸಿದ್ದ. ಮನೆಯಲ್ಲೇ ಕೂತು ಇಂಥದ್ದೆಲ್ಲ ನೋಡಿಕೊಳ್ಳುವವಳು. ವರ್ಚುವಲ್ ಅಸಿಸ್ಟೆಂಟ್ ಅಂತೆ. ಅವಳು ಏನು ಬರೆಯುತ್ತಾಳೆಂದು ನೋಡುವ ಗೋಜಿಗೆ ಅವನು ಹೋಗಿರಲಿಲ್ಲ. ಒಲೆ ಹಚ್ಚುವ ಮೊದಲು ಅಡುಗೆಯವನಿಗೆ ಮರ್ಯಾದೆಗೆಂದು ಕೊಡುವ ವೀಳ್ಯವನ್ನೂ ಇಷ್ಟು ವರ್ಷ ಡ್ರೈವರ್ ಕೈಯಲ್ಲೇ ಕಳಿಸಿಬಿಡುತ್ತಿದ್ದ. ಯಜಮಾನನೇ ಬಂದು ಕೊಡುತ್ತಾನೆ ಎಂದ ಮೇಲೆ ಯಾವ ಅಡುಗೆಯವನು ತಾನಾಗಿ ಕಡ್ಡಿ ಗೀರುತ್ತಾನೆ?

ಗಂಗಣ್ಣ ಸೊಂಟದ ಟವೆಲ್ಲು ಬಿಚ್ಚಿದ. "ಒಂದೇ ಮಾತು ಹೇಳ್ಬುಡಿ. ಇದು ನೀವು ಬರ್ದಿದ್ದಾ, ಅಲ್ವಾ? ಅಲ್ದಿದ್ರೆ ನಾನು ಕಂಬದೂರು ಬಸ್ಸು ಹತ್ತಿ ಊರಿಗೆ ಹೋಯ್ತೀನಿ."

ಹೊರಗೆ ವಾಲಗ ಶುರುವಾಯಿತು.

"ನಾನೇ ಬರ್ದಿದ್ದು ಕಣಪ್ಪ." ಆ ದನಿ ಓಬುಳಪತಿಗೇ ಪರಿಚಯವಿರಲಿಲ್ಲ. "ಮಂಡಿ... ಮಂಡಿ ಹೆಂಗೈತೆ?"

ಕೈಯಲ್ಲಿ ಎಲೆಯಿಲ್ಲ, ಅಡಿಕೆಯಿಲ್ಲ. ಓಡಿಹೋಗಿ ಹೆಣ್ಣಿನ ಕಡೆಯವರ ತಟ್ಟೆಯಿಂದ ಎತ್ತಿಕೊಂಡು ಬಂದು ಕೊಟ್ಟ. ಗಂಗಣ್ಣ ಕಣ್ಣಿಗೊತ್ತಿಕೊಂಡು ಒಲೆ ಹಚ್ಚಿದ. ಬದನೆಕಾಯಿ ಹೆಚ್ಚುತ್ತಿದ್ದ ಉಡುಸಲಮ್ಮನಿಗೆ ಹೇಳಿದ: "ಅಣ್ಣಂದು ಬಾಯಿ ಒಂದೇ ಕೆಟ್ಟದ್ದು ಕಣಮ್ಮ. ಮನ್ಸೆಲ್ಲ ಮೆಸೇಜ್ನಾಗೈತೆ."

"ಹಂಗಾದ್ರೆ ಬಾಯಿ ಮನೇಲಿಟ್ಟು ಬರೀ ಫೋನು ಕಳಿಸ್ಲಿ ಬುಡಣ್ಣ," ಎಂದಳು ಅವಳು, ಕತ್ತೆತ್ತದೆ.

ಓಬುಳಪತಿ ಪಾತ್ರೆ ತೊಳೆಯುವ ಜಾಗಕ್ಕೆ ಹೋಗಿ, ನುಂಗಿಕೊಂಡಿದ್ದನ್ನೆಲ್ಲ ಸ್ಪಂದನಳಿಗೆ ಫೋನಿನಲ್ಲಿ ಕಾರಿದ. "ಯಾರನ್ನ ಕೇಳಿ ಬರ್ದೆ? ನನ್ ಹೆಸ್ರಲ್ಲಿ ವೀಳ್ಯ ಹಂಚೋಕೆ ನೀನ್ಯಾರಮ್ಮಾ? ಬುದ್ಧಿ ಐತೇನು?"

ಅವಳು ಪೂರ್ತಿ ಕೇಳಿಸಿಕೊಂಡಳು. "ಸಾರ್, ಗ್ರೂಪಲ್ಲಿರೋರಿಗೆಲ್ಲ ನಿಮ್ಮನ್ನ ಒಳ್ಳೇವ್ರು ಮಾಡಿ ಇಟ್ಟಿದೀನಿ. ನೀವು ಹೆಂಗೆ ಅಂತ ಗೊತ್ತಿರೋದು ನಂಗೊಬ್ಬಳಿಗೇ. ಸಾಕಾಯ್ತು ಸಾರ್. ನಾಳೆಯಿಂದ ಬೇರೆಯೋರ್ನ ನೋಡ್ಕಳಿ." ಫೋನು ಕಟ್ಟಾಯಿತು.

ಒಳಗೆ ಒಗ್ಗರಣೆ ಚಟಪಟ ಸಿಡಿಯಿತು. ಇವಳು ಹೋದರೆ ನಾಳೆ ಗ್ರೂಪಿನಲ್ಲಿ ಗಂಗಣ್ಣನ ಮಂಡಿ ವಿಚಾರಿಸುವವರು ಯಾರು? ಅದು ಎಡಮಂಡಿಯೋ ಬಲಮಂಡಿಯೋ ಎನ್ನುವುದೂ ತನಗೆ ಗೊತ್ತಿಲ್ಲ. 'ಏನಮ್ಮಾ, ಅಷ್ಟು ಕೊಬ್ಬಾ?' ಎಂದು ಟೈಪು ಮಾಡಿ ಅಳಿಸಿದ. 'ಬಿಟ್ಟೋಗು ನೋಡೋಣ' ಎಂದು ಮಾಡಿ ಅದನ್ನೂ ಅಳಿಸಿದ. ಅಲ್ಲಿಗೆ ಅವನಲ್ಲಿದ್ದ ಸರಕು ಮುಗಿದಿತ್ತು. ಕೊನೆಗೆ ಬರೆದ: 'ಸ್ಪಂದನಮ್ಮ, ನಿಂಗೆ ಕೋಪ ಬಂದೈತೆ. ನೀನು ಬಿಟ್ಟು ಹೋಗಬಾರದು ಅಂದ್ರೆ ನಾನು ನಿಂಗೆ ಏನಂತ ಬರೀಬೇಕು? ಸ್ವಲ್ಪ ಬರ್ಕೊಡು.'

ಬಹಳ ಹೊತ್ತಿನ ಮೇಲೆ ಮೊಬೈಲು ಟಿಣ್ ಎಂದಿತು.

'ಸ್ಪಂದನ, ಕೂಗಾಡಿದ್ದು ತಪ್ಪಾಯಿತು. ಇನ್ನು ಮುಂದೆ ನಿನ್ನ ಹತ್ತಿರವೂ ಗ್ರೂಪಿನಲ್ಲಿರುವ ಹಾಗೆಯೇ ಇರುತ್ತೇನೆ. ಇಂತಿ ಓಬುಳಪತಿ.'

ಓದುತ್ತಿದ್ದಂತೆ ಅವನ ಮೂಗಿನ ಹೊಳ್ಳೆ ಅರಳಿತು. ಆದರೂ ಹಲ್ಲು ಕಚ್ಚಿಕೊಂಡು, ಒಂದಕ್ಷರವೂ ತಿದ್ದದೆ, ಅದನ್ನು ಅವಳಿಗೇ ಫಾರ್ವರ್ಡ್ ಮಾಡಿದ.