ಹದಿನಾಲ್ಕು ತಡವಂತೆ

“ಮಗಳಿಗೆ ಹದಿನಾಲ್ಕಾ? ತಡ ಆಯ್ತಮ್ಮ. ಬೇಸ್‌ಬಾಲ್‌ಗೆ ಎಂಟು ವರ್ಷಕ್ಕೇ ಕೈ ಪಳಗಬೇಕು.” ಕೋಚ್ ರಿಜಿಸ್ಟರ್ ಮುಚ್ಚಿದರು.

ತಾಯಿ ಕದಲಲಿಲ್ಲ. “ಒಂದೇ ಒಂದ್ಸಲ ಎಸೆಯೋಕೆ ಬಿಡಿ ಸಾರ್. ಕೆಲಸ ಬಿಟ್ಟು ಬಂದಿದೀನಿ.”

ಕೋಚ್ ಗ್ಲೌಸ್ ಹಾಕಿಕೊಂಡು ಎದುರು ನಿಂತರು. ಹುಡುಗಿ ಜೋರಾಗಿ ಕೈ ಬೀಸಿದಳು. ಎಸೆದ ಗಟ್ಟಿ ಚೆಂಡು ಗುರಿ ತಪ್ಪಿ, ಅವರ ಪಕ್ಕದಲ್ಲಿದ್ದ ತಾಯಿಯ ಮುಖಕ್ಕೇ ನುಗ್ಗಿತು.

“ಅವ್ವಾ!”

ತಾಯಿ ಅದನ್ನು ಬರಿಗೈಯಲ್ಲೇ ಹಿಡಿದಿದ್ದಳು.

ಕೋಚ್ ಗ್ಲೌಸ್ ಕಳಚಿದರು. “ಎಲ್ಲಿ ಕಲಿತ್ರಿ?”

“ಕಲಿಯೋದೇನು ಸಾರ್? ಗಾರೆ ಕೆಲಸ. ಕೆಳಗಿಂದ ಎಸೆಯೋ ಇಟ್ಟಿಗೆನ ಮಹಡಿ ಮೇಲೆ ನಿಂತು ಹಿಡೀತೀನಿ.”

ಅವರು ರಿಜಿಸ್ಟರ್ ಮತ್ತೆ ತೆರೆದರು. “ಹೆಂಗಸರ ಟೀಮಿಗೆ ಬರ್ತೀರಾ?”

ಮಗಳು ಅವ್ವನ ಕೈಯಿಂದ ಚೆಂಡು ತೆಗೆದುಕೊಂಡಳು. “ಅವ್ವಂಗೆ ಮೂವತ್ತಾರು ಸಾರ್. ತಡ ಆಗ್ಲಿಲ್ವಾ?”