ಗಿನ್ಕಾಳ ಗುರುವಾರಗಳು

ಗಿನ್ಕಾ ಸಂತೆಯ ದಾರಿ ಹಿಡಿಯಲಿಲ್ಲ. ಎಲೆಕೋಸು ತರುವ ಚೀಲದೊಂದಿಗೆ ಎಡಕ್ಕೆ ಹೊರಳಿ, ಬೋರ್ಡಿಲ್ಲದ ಬೂದು ಕಟ್ಟಡವೊಂದನ್ನು ಹೊಕ್ಕಳು. ಕಾವಲಿನವನು ಗುರುತಿನ ಚೀಟಿ ಕೇಳಲಿಲ್ಲ, ಬಾಗಿಲು ತೆರೆದುಕೊಟ್ಟ.

ಎದುರಿನ ಟ್ರಾಮ್ ನಿಲ್ದಾಣದಲ್ಲಿ ನಿಂತಿದ್ದ ಗಾಸ್ಪಾರ್ ವೆರ್ನೊಲ್ ಕಂಬದ ಮರೆಗೆ ಸರಿದ. ಅದು ಗುಪ್ತ ಪೊಲೀಸರ ಕಟ್ಟಡ. ಸೋಫಿಯಾದಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ.

ವೆರ್ನೊಲ್ ಫ್ರೆಂಚ್ ದೂತಾವಾಸಕ್ಕೆ ಬಂದು ಐದು ವರ್ಷ. ಜೊತೆಗಿದ್ದ ಏಳು ಮಂದಿಯನ್ನು ಬಲ್ಗೇರಿಯಾ ಸರ್ಕಾರ ಗೂಢಚಾರರೆಂದು ಹೇಳಿ ಒಬ್ಬೊಬ್ಬರನ್ನಾಗಿ ಗಡಿ ದಾಟಿಸಿತ್ತು. ಉಳಿದವನು ಅವನೊಬ್ಬ. ಜೈಲು ಸೇರಿದವರ ಹೆಸರುಗಳನ್ನು ಕಲೆಹಾಕಿ, ಅವರ ಬಿಡುಗಡೆಗೆ ಒತ್ತಡ ತರಲೆಂದು ಸದ್ದಿಲ್ಲದೆ ಪ್ಯಾರಿಸ್ಸಿಗೆ ಕಳಿಸುತ್ತಿದ್ದ. ಅವನ ಮನೆಯ ಅಡುಗೆಯವಳಾದ ಗಿನ್ಕಾಳ ತಮ್ಮನ ಹೆಸರೂ ಅವುಗಳಲ್ಲಿತ್ತು. ತನ್ನ ಎಚ್ಚರಿಕೆಯೇ ತನ್ನನ್ನು ಕಾಪಾಡಿದೆ ಎಂದು ಅವನು ನಂಬಿದ್ದ.

ಪ್ಯಾರಿಸ್ ನಂಬಿರಲಿಲ್ಲ. 'ಎಲ್ಲರೂ ಹೊರಬಿದ್ದರು. ತಾವು ಮಾತ್ರ ಉಳಿದದ್ದು ಹೇಗೆ?' ಎಂದು ಕಳೆದ ವಾರ ಪತ್ರ ಬಂದಿತ್ತು. ಆ ಪ್ರಶ್ನೆಯೊಳಗಿನ ಆರೋಪವನ್ನು ಇಪ್ಪತ್ತೆರಡು ವರ್ಷ ನೌಕರಿ ಮಾಡಿದವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ದ್ರೋಹಿ ತಾನಲ್ಲ ಎನ್ನಲು ಬೇರೊಬ್ಬ ದ್ರೋಹಿ ಬೇಕಿತ್ತು. ಸಿಕ್ಕಿದಳು.

"ಎಲ್ಲಿಗೆ ಹೋಗಿದ್ದೆ?" ಅವಳು ಮರಳಿದ ಮೇಲೆ ಅಡುಗೆಮನೆಗೆ ಬಂದು ಕೇಳಿದ ವೆರ್ನೊಲ್.

"ಸಂತೆಗೆ, ಸಾಹೇಬ್ರೇ."

"ಸುಳ್ಳು. ನಿನ್ನ ಹಿಂದೇನೇ ಬಂದಿದ್ದೆ."

ಕೋಸಿನೆಲೆ ಬಿಡಿಸುತ್ತಿದ್ದ ಕೈ ನಿಂತಿತು. ಅವಳು ಅವನ ಮುಖ ನೋಡಲಿಲ್ಲ. ಕಿಟಕಿ ಮುಚ್ಚಿದೆಯೇ ಎಂದು ನೋಡಿದಳು.

"ನೀವು ಏನೂ ನೋಡಿಲ್ಲ. ನಿಮಗೆ ಏನೂ ಗೊತ್ತಿಲ್ಲ. ಹಾಗೇ ಇದ್ದುಬಿಡಿ, ದಮ್ಮಯ್ಯ."

"ನನ್ನ ಮನೇಲೇ ಉಂಡು ನನ್ನ ಬಗ್ಗೇನೇ ವರದಿ ಕೊಡ್ತೀಯಾ?"

"ಕೊಡ್ತೀನಿ. ವಾರವಾರ. ಏನಂತ ಕೊಡ್ತೀನಿ ಅಂತ ಒಂದ್ಸಲ ಕೇಳಿ, ಸಾಹೇಬ್ರೇ."

"ಕೇಳೋದೇನಿದೆ? ನಡಿ ಆಚೆ!"

ಅವಳು ಏಪ್ರನ್ ಬಿಚ್ಚಿಟ್ಟು ಹೋದಳು. ವೆರ್ನೊಲ್ ಅಂದೇ ಬಲ್ಗೇರಿಯಾ ಸರ್ಕಾರಕ್ಕೆ ಖಾರವಾದ ಪ್ರತಿಭಟನಾ ಪತ್ರ ಬರೆದ. ಹೆಸರು, ಬೀದಿ, ಗಳಿಗೆ, ಕಾವಲಿನವನ ಚಹರೆ, ಯಾವುದನ್ನೂ ಬಿಡಲಿಲ್ಲ. ಅದರ ಒಂದು ನಕಲನ್ನು ಪ್ಯಾರಿಸ್ಸಿಗೂ ಕಳಿಸಿದ. ಎದೆಯ ಭಾರ ಇಳಿದಂತಾಯಿತು.

ಶನಿವಾರ ಬೆಳಗ್ಗೆ ಗುಪ್ತ ಪೊಲೀಸರ ಮೇಜರ್ ದ್ರಗಾನೊವ್ ಬಾಗಿಲು ತಟ್ಟಿದ. ಕೈಯಲ್ಲಿ ಗಡೀಪಾರಿನ ಆದೇಶ. ಹೊರಡಲು ಒಂದು ದಿನದ ಗಡುವು.

"ಐದು ವರ್ಷ ಸುಮ್ಮನಿದ್ದು ಈಗ ಯಾಕೆ?" ವೆರ್ನೊಲ್ ಕೇಳಿದ.

ಮೇಜರ್ ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತ. "ನಿಮ್ಮ ಪತ್ರ ಓದಿದ್ವಿ. ಪರವಾಗಿಲ್ಲ, ಚುರುಕಾಗಿದೀರಿ. ಆ ಹೆಂಗಸು ಐದು ವರ್ಷದಿಂದ ಪ್ರತಿ ಗುರುವಾರ ಬಂದು ಒಂದೇ ಮಾತು ಬರೆಸ್ತಿದ್ದಳು. ಫ್ರೆಂಚ್ ಸಾಹೇಬ ಶುದ್ಧ ಪೆದ್ದ, ಅವನಿಂದ ಯಾರಿಗೂ ಅಪಾಯ ಇಲ್ಲ ಅಂತ. ನಾವೂ ನಂಬಿದ್ವಿ."

ವೆರ್ನೊಲ್ ತಿರುಗಿ ಅಡುಗೆಮನೆಯತ್ತ ನೋಡಿದ. "ಗಿನ್ಕಾ ಎಲ್ಲಿ?"

"ನಮ್ಮ ಹತ್ತಿರ. ನಿನ್ನೆಯಿಂದ ಬಿಡದೆ ವಿಚಾರಿಸ್ತಿದೀವಿ," ಎಂದ ಮೇಜರ್. "ನೀವು ಪೆದ್ದರೇ ಅಂತ ಈಗಲೂ ಹೇಳ್ತಿದಾಳೆ."