ಎಡಗಡೆಯ ಸದ್ದು

ಟಕ್.

ಕಾರು ಹಂಪ್ ದಾಟಿತು. ಮತ್ತೆ ಟಕ್. ರಾಜಾಸಾಬ ಉಸಿರು ಬಿಗಿಹಿಡಿದು ಎಡಗಡೆಯ ಸೀಟಿನಲ್ಲಿ ಕೂತಿದ್ದ. ಗಂಗಾವತಿಯ ಕಾರಟಗಿ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದವನು ಅವನು. ಗಾಡಿಯ ರೋಗವನ್ನು ಕಿವಿಯಿಂದಲೇ ಹಿಡಿಯುತ್ತಾನೆಂದು ಹೆಸರು. ಆ ಕಿವಿಯೇ ಈಗ ಕೈಕೊಟ್ಟಿತ್ತು.

"ಕೇಳಸ್ತೋ ಇಲ್ಲೋ ರಾಜಾಸಾಬಣ್ಣ?" ಸ್ಟೇರಿಂಗ್ ಹಿಡಿದಿದ್ದ ವಿರುಪಾಕ್ಷಿ ಕೇಳಿದ. ಈ ಬಾಡಿಗೆ ಕಾರಿಗೆ ಮಾಲೀಕನೂ ಅವನೇ, ಡ್ರೈವರನೂ ಅವನೇ.

"ಕೇಳಸ್ತು."

"ಕೇಳಸ್ತು ಅಂದ್ರ ಆತೇನು? ಇವತ್ತ ನಾಕು ಮಂದಿನ್ನ ಹುಬ್ಬಳ್ಳಿ ದವಾಖಾನಿಗೆ ಕರಕೊಂಡು ಹೋಗೋದೈತಿ. ದಾರ್ಯಾಗ ಗಾಲಿ ಕಳಚಿ ಬಿದ್ರ ಯಾರು ಹೊಣಿ?"

ಯಾರು ಹೊಣೆ ಎಂಬುದು ರಾಜಾಸಾಬನಿಗೆ ಚೆನ್ನಾಗಿ ಗೊತ್ತಿತ್ತು. ಹದಿನೈದು ದಿನದ ಹಿಂದೆ ಬೇವೂರಿನ ಹತ್ತಿರ ಈ ಕಾರು ರಸ್ತೆ ಬಿಟ್ಟು ತಗ್ಗಿಗೆ ಇಳಿದಿತ್ತು. ನಾಯಿ ಅಡ್ಡ ಬಂತು ಎಂದಿದ್ದ ವಿರುಪಾಕ್ಷಿ. ಆಗ ಜೊತೆಗಿದ್ದ ಹೆಂಡತಿ ನೇತ್ರಾವತಿಯ ಹಣೆಗೆ ಪೆಟ್ಟಾಗಿತ್ತು. ಅವಳು ಮಾತ್ರ ನಾಯಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಎಡಗಡೆಯ ಬಾಗಿಲು ನೆಗ್ಗಿತ್ತು, ಮುಂದಿನ ಶಾಕ್ ಅಬ್ಸಾರ್ಬರ್ ಬಾಗಿ ಹೋಗಿತ್ತು. ಬಾಗಿಲನ್ನು ಡೆಂಟಿಂಗಿನವನು ಸರಿಮಾಡಿದ. ಕಂಪನಿಯ ಶಾಕ್ ಅಬ್ಸಾರ್ಬರ್ ಬರಲು ಇನ್ನೂ ಎಂಟು ದಿನ ಕಾಯಬೇಕಿತ್ತು. "ಹೊರಗಿನ ಮಾಲ್ ಹಾಕೂಣು, ಏನೂ ಆಗಂಗಿಲ್ಲ. ನಾ ಅದೀನಲ್ಲ" ಎಂದು ಧೈರ್ಯ ಹೇಳಿದವನು ರಾಜಾಸಾಬನೇ.

ಹಾಕಿದ ಮೂರನೇ ದಿನಕ್ಕೆ ಸದ್ದು ಶುರುವಾಯಿತು.

ಅಂದಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಗಾಡಿ ಮೊದಲ ಸಲ ಬಂದಾಗ ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟು ಬಿಚ್ಚಿ ನೋಡಿದ, ಸರಿಯಾಗಿತ್ತು. ಎರಡನೇ ಸಲ ರಬ್ಬರ್ ಬುಷ್ಷುಗಳ ಬೋಲ್ಟನ್ನೆಲ್ಲ ಸಡಿಲಿಸಿದ. ಗಾಡಿಯನ್ನು ಜಾಕಿನಿಂದ ಇಳಿಸಿ, ನಾಲ್ಕೂ ಗಾಲಿಯ ಮೇಲೆ ಭಾರ ಕೂತ ಮೇಲೆ ಮತ್ತೆ ಬಿಗಿದ. ಹಾಗೆ ಬಿಗಿಯದಿದ್ದರೆ ಬುಷ್ಷು ತಿರುಚಿಕೊಂಡು ಸದ್ದು ಮಾಡುತ್ತದೆಂದು ಉಸ್ತಾದರು ಕಲಿಸಿದ ಪಾಠ. ಪಾಠವೇನೋ ಸರಿಯಾಗಿತ್ತು, ಸದ್ದು ಮಾತ್ರ ಹೋಗಲಿಲ್ಲ.

ಆ ಎರಡನೇ ಸಲ ನೇತ್ರಾವತಿಯೂ ಬಂದಿದ್ದಳು. ಗಂಡ ಚಹಾ ಕುಡಿಯಲು ಹೋದಾಗ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಇರ್ಲಿ ಬಿಡ್ರಿ ಅಣ್ಣಾರ. ಸದ್ದು ಆದ್ರ ಆಗವಲ್ದ್ಯಾಕ. ಗಾಡಿ ಓಡ್ತೈತಲ್ಲ?"

ಪಾಪ, ನನ್ನ ಮಾನ ಉಳಿಸಲು ಹೇಳುತ್ತಿದ್ದಾಳೆ ಎಂದುಕೊಂಡ ರಾಜಾಸಾಬ. ಇನ್ನಷ್ಟು ನಾಚಿಕೆಯಾಯಿತು.

ಚಹಾ ಕುಡಿದು ಬಂದ ವಿರುಪಾಕ್ಷಿಗೆ ಆ ದೊಡ್ಡ ಮನಸ್ಸು ಇರಲಿಲ್ಲ. "ಸೊಲ್ಲಾಪುರಕ್ಕ ಹೋಗಿ ಬಂದೀನಿ, ಒಂದ್ ನಿಮಿಷ ಸಮಾಧಾನ ಇಲ್ಲ. ಕಿವಿ ಎಲ್ಲಾ ಆ ಸದ್ದಿನ ಮ್ಯಾಲ. ಕಣ್ಣಿನ ರೆಪ್ಪಿ ಬಡಿಯಾಕೂ ಅಂಜಿಕಿ," ಎಂದು ರೇಗಾಡಿದ್ದ.

ಇವತ್ತು ಮೂರನೇ ಸಲ. ಗ್ಯಾರೇಜಿಗೆ ಮರಳಿದ ಮೇಲೆ ರಾಜಾಸಾಬ ಗಾಡಿಯ ಕೆಳಗೆ ಹೋಗಲೇ ಇಲ್ಲ. ಹೊಸ ಸಾಮಾನು ಹಾಕಿದ ಗಾಡಿಯಲ್ಲಿ ಸದ್ದು ಬಂದರೆ ಎಂಥ ಮೇಸ್ತ್ರಿಯೂ ಹೊಸ ಸಾಮಾನನ್ನೇ ಅನುಮಾನಿಸುತ್ತಾನೆ. ತಾನೂ ಅದನ್ನೇ ಮಾಡಿದ್ದೆ ಎಂದು ಅವನಿಗೆ ಈಗ ಹೊಳೆಯಿತು. ವಿರುಪಾಕ್ಷಿಗೆ ಕಾರಿನ ಮೂಲೆಯನ್ನು ಒತ್ತಿ ಒತ್ತಿ ಬಿಡಲು ಹೇಳಿ, ತಾನು ಒಂದೊಂದೇ ಜಾಗಕ್ಕೆ ಅಂಗೈ ಇಟ್ಟು ನೋಡುತ್ತ ಬಂದ. ಬಾನೆಟ್ಟು, ಚಕ್ರದ ಮೇಲಿನ ತಗಡು, ಎಡಗಡೆಯ ಬಾಗಿಲು.

ಬಾಗಿಲಲ್ಲಿ ಅಂಗೈಗೆ ಟಕ್ ಎಂದಿತು.

ಒಳಗಿನ ಹಲಗೆ ಬಿಚ್ಚಿ ಕೈ ಹಾಕಿದ. ಬಾಗಿಲಿನ ತಳದಲ್ಲಿ ಬೋರ್‌ವೆಲ್ ಪಂಪಿನ ದೊಡ್ಡ ನಟ್ಟೊಂದು ಆರಾಮಾಗಿ ಉರುಳಾಡುತ್ತಿತ್ತು. ಕಾರಿಗೂ ಅದಕ್ಕೂ ಸಂಬಂಧವೇ ಇಲ್ಲ. ಡೆಂಟಿಂಗಿನವನ ಬೇಜವಾಬ್ದಾರಿ ಎಂದುಕೊಂಡು ಇಬ್ಬರೂ ಅವನನ್ನು ಮನಸಾರೆ ಬೈದರು. ವಿರುಪಾಕ್ಷಿ ಒಂದು ಸುತ್ತು ಓಡಿಸಿ ಬಂದ. ಹಂಪಿನ ಮೇಲೂ ಚಕಾರವಿಲ್ಲ.

"ಈಗ ನೋಡಣ್ಣ ಗಾಡಿ ಅಂದ್ರ!" ಎಂದ. ಕೆಂಪಾದ ಕಣ್ಣು ಉಜ್ಜಿಕೊಂಡು, ನಗುತ್ತ, ಹುಬ್ಬಳ್ಳಿಯವರನ್ನು ಹತ್ತಿಸಿಕೊಳ್ಳಲು ಹೊರಟ. ರಾಜಾಸಾಬ ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡ.

ಊಟ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಆಟೋ ಬಂದು ನಿಂತಿತು. ನೇತ್ರಾವತಿ ಇಳಿದು ಓಡುತ್ತಲೇ ಬಂದಳು.

"ಅಣ್ಣಾರ, ನಮ್ಮವರು ಮತ್ತ ಇಲ್ಲಿಗೆ ಬಂದಿದ್ರಂತ. ಗಾಡಿ ಎಲ್ಲೈತ್ರಿ?"

"ಹೋತು ತಂಗಿ. ಈಗ ಕೊಪ್ಪಳದ ದಾರಿ ಹಿಡದಿರಬೇಕು. ಸದ್ದೂ ಹೋತು ನೋಡು, ಬೆಣ್ಣಿ ಹಂಗ ಓಡ್ತೈತಿ."

ಅವಳ ಮುಖದ ರಕ್ತ ಇಳಿಯಿತು. ಗಂಡನಿಗೆ ಫೋನ್ ಹಚ್ಚಿದಳು. ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು.

"ಗಾಡಿ ಓಡ್ಸೂಮುಂದ ಅಂವ ಫೋನ್ ಎತ್ತಂಗಿಲ್ಲವ್ವ," ಎಂದು ರಾಜಾಸಾಬ ಸಮಾಧಾನ ಹೇಳಿದ. "ಬಾಗಲದಾಗ ಒಂದು ನಟ್ಟು ಬಿದ್ದಿತ್ತು, ಅಷ್ಟ. ಯಾರೋ ದಡ್ಡ ಬಿಟ್ಟಿದ್ದ. ಅದಕ್ಯಾಕ ಇಷ್ಟು ಅಂಜತಿ?"

"ಅದನ್ನ ಕಿಡಕಿ ಸಂದ್ಯಾಗ ಹಾಕಿದಾಕಿ ನಾನ ರೀ ಅಣ್ಣಾರ," ಎಂದಳು ನೇತ್ರಾವತಿ. "ಸದ್ದು ಇಲ್ಲಂದ್ರ ಅವರು ಸ್ಟೇರಿಂಗ್ ಮ್ಯಾಲೇ ನಿದ್ದಿ ಹೋಗ್ತಾರ."